ಮಾವನವರ ಬಿಸ್ಕತ್ತು, ಚಾರ್ಲಿಯ ತೂಕ

ಪ್ರಶ್ನೆ: ನಮ್ಮದು ದಾವಣಗೆರೆ. ಮನೆಯಲ್ಲಿ ಮಾವನವರು, ನಾವಿಬ್ಬರು, ಕಾಲೇಜಿಗೆ ಹೋಗುವ ಮಗಳು, ಎಂಟನೇ ತರಗತಿಯ ಮಗ. ‘777 ಚಾರ್ಲಿ’ ಸಿನಿಮಾ ನೋಡಿದ ಮೇಲೆ ಮಕ್ಕಳು ಹಟ ಹಿಡಿದು ಲ್ಯಾಬ್ರಡಾರ್ ಮರಿ ತರಿಸಿದರು. ಅವಳ ಹೆಸರೂ ಚಾರ್ಲಿಯೇ. ಈಗ ಮೂರು ವರ್ಷ ದಾಟಿದೆ, ಮರಿಯಾಗದಂತೆ ಆಪರೇಷನ್ ಆಗಿದೆ, ತೂಕ 36 ಕೆ.ಜಿ. ಹೋದ ತಿಂಗಳು ನೆಂಟರ ಗೃಹಪ್ರವೇಶಕ್ಕೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಯಾರ್ಯಾರೋ ಹೋಳಿಗೆ, ತುಪ್ಪ, ಬೋಂಡ ತಿನ್ನಿಸಿದರು. ಮರುದಿನದಿಂದ ಒಂದೇ ಸಮನೆ ವಾಂತಿ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿದೆವು. ಮೇದೋಜೀರಕ ಗ್ರಂಥಿ ಊದಿದೆ, ತೂಕ 28ಕ್ಕೆ ಇಳಿಯಬೇಕು, ಅದೂ ಇದೂ ಕೊಡುವುದನ್ನು ನಿಲ್ಲಿಸಿ ಎಂದರು ಡಾಕ್ಟರು.

ನಿಲ್ಲಿಸುವುದು ಹೇಗೆ? ಊಟಕ್ಕೆ ಎರಡು ಹೊತ್ತೂ ಅಂಗಡಿಯ ನಾಯಿ ಆಹಾರವನ್ನೇ ಅಳತೆಯಲ್ಲಿ ಹಾಕುತ್ತೇನೆ. ಆದರೆ ಮಾವನವರು ಬೆಳಗ್ಗೆ ಚಹಾದ ಜೊತೆ ನಾಲ್ಕು, ಸಂಜೆ ನಾಲ್ಕು ಗ್ಲೂಕೋಸ್ ಬಿಸ್ಕತ್ತು ಕೊಡುತ್ತಾರೆ. ಯಜಮಾನರು ಊಟಕ್ಕೆ ಕೂತಾಗ ರೊಟ್ಟಿ, ಮೇಲೊಂದು ಚೂರು ಕೊಬ್ಬರಿ. ಮಗ ಭಾನುವಾರದ ಬೆಣ್ಣೆ ದೋಸೆಯಲ್ಲಿ ಪಾಲು ಕೊಡುತ್ತಾನೆ. ಮಗಳು ಆನ್‌ಲೈನಿನಲ್ಲಿ ಬಿಳಿ ಗಂಟುಮೂಳೆ, ಗಟ್ಟಿ ಚೀಸಿನ ಕಡ್ಡಿ ತರಿಸುತ್ತಾಳೆ. ನಮ್ಮದು ಸಸ್ಯಾಹಾರಿ ಮನೆ. ಆ ಬಿಳಿ ಮೂಳೆ ಚರ್ಮದ್ದಂತೆ, ಹೌದೇ? ಪಕ್ಕದ ಮನೆಯವರು ಬೇರೆ ಕಾಂಪೌಂಡಿನ ಮೇಲಿಂದ ಕೋಳಿ ಮೂಳೆ ಹಾಕುತ್ತಾರೆ. ಯಾವ ತಿಂಡಿ ಕೊಟ್ಟರೆ ಕ್ಷೇಮ? ಮನೆಯಲ್ಲೇ ಮಾಡಬಹುದೇ? ಎಲ್ಲಕ್ಕಿಂತ ಹೆಚ್ಚಾಗಿ, ಮಾವನವರಿಗೆ ಹೇಗೆ ಹೇಳಲಿ? ಅತ್ತೆ ತೀರಿಹೋದ ಮೇಲೆ ಅವರು ಮನಬಿಚ್ಚಿ ಮಾತಾಡುವುದು ಚಾರ್ಲಿಯೊಡನೆ ಮಾತ್ರ. ಬಿಸ್ಕತ್ತಿನ ಡಬ್ಬ ಎತ್ತಿಟ್ಟಿದ್ದಕ್ಕೆ ನನ್ನೊಡನೆ ಮಾತು ಬಿಟ್ಟಿದ್ದಾರೆ.
— ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಆ ಬಿಸ್ಕತ್ತಿನ ಡಬ್ಬವನ್ನು ಇದ್ದ ಜಾಗದಲ್ಲೇ ಇಟ್ಟುಬಿಡಿ. ಇವತ್ತೇ ಇಡಿ. ಬಾಳಸಂಗಾತಿಯನ್ನು ಕಳೆದುಕೊಂಡ ಹಿರಿಯರಿಗೆ ಬೆಳಗ್ಗೆ ಎದ್ದು ಮಾತಾಡಿಸಲು ಒಂದು ಜೀವ ಇದೆ. ಆ ಮಾತಿಗೆ ನೆಪ ಆ ಬಿಸ್ಕತ್ತು. ಅದನ್ನು ಒಮ್ಮೆಲೇ ಕಸಿದುಕೊಂಡರೆ ಅವರು ನೊಂದುಕೊಳ್ಳುವುದು ಸಹಜ, ಮುಚ್ಚಿಟ್ಟು ಕೊಡಲು ಶುರುಮಾಡುವುದೂ ಅಷ್ಟೇ ಸಹಜ. ಮುಚ್ಚಿಟ್ಟು ಕೊಟ್ಟದ್ದರ ಲೆಕ್ಕ ನಿಮಗೂ ಸಿಗುವುದಿಲ್ಲ, ಡಾಕ್ಟರಿಗೂ ಸಿಗುವುದಿಲ್ಲ. ಕೊಡುವ ಕೈ ಅದೇ ಇರಲಿ, ಕೊಡುವ ಹೊತ್ತೂ ಅದೇ ಇರಲಿ. ಬದಲಾಗಬೇಕಾದ್ದು ಕೈಯಲ್ಲಿರುವ ವಸ್ತು ಮತ್ತು ಅದರ ಗಾತ್ರ.

ಗಾತ್ರ ಎಂದೆನಲ್ಲ, ಆ ಲೆಕ್ಕವನ್ನು ಒಮ್ಮೆ ಮನೆಮಂದಿಯೆಲ್ಲ ಕೂತು ಮಾಡಿ. 28 ಕೆ.ಜಿ. ತೂಗುವ ನಾಯಿ ಏನೂ ಮಾಡದೆ ಬಿದ್ದುಕೊಂಡಿದ್ದರೂ ದಿನಕ್ಕೆ ಸುಮಾರು 850 ಕ್ಯಾಲೊರಿ ಬೇಕು. ತೂಕ ಇಳಿಸಬೇಕಾದ ನಾಯಿಗೆ ನಾವು ಪಶುವೈದ್ಯರು ಸಾಮಾನ್ಯವಾಗಿ ಊಟ ಗೊತ್ತುಮಾಡುವುದು ಆ ಅಂಕಿಯ ಆಸುಪಾಸಿನಲ್ಲೇ. ಅದರಲ್ಲಿ ತಿಂಡಿಯ ಪಾಲು ಹತ್ತನೇ ಒಂದು ಭಾಗ ಮೀರಬಾರದು. ಅಂದರೆ ಚಾರ್ಲಿಯ ಪಾಲಿನ ತಿಂಡಿ ದಿನಕ್ಕೆ 85 ಕ್ಯಾಲೊರಿ, ಅದೂ ಊಟದಲ್ಲಿ ಅಷ್ಟನ್ನು ಕಡಿಮೆ ಮಾಡಿ ಕೊಡುವಂಥದ್ದು. ಈಗ ನಿಮ್ಮ ಕಾಗದವನ್ನೇ ಓದೋಣ. ಒಂದು ಗ್ಲೂಕೋಸ್ ಬಿಸ್ಕತ್ತಿಗೆ ಸುಮಾರು 20 ಕ್ಯಾಲೊರಿ, ಎಂಟಕ್ಕೆ 160. ಅರ್ಧ ಜೋಳದ ರೊಟ್ಟಿ ಎಂದುಕೊಂಡರೂ 70–80. ಕೊಬ್ಬರಿಯಲ್ಲಿ ಮೂರರಲ್ಲಿ ಎರಡು ಭಾಗದಷ್ಟು ಎಣ್ಣೆಯ ಅಂಶವೇ ಇರುವುದರಿಂದ ಎರಡು ಬೆರಳಗಲದ ಚೂರಿಗೇ ನೂರರಷ್ಟಾಗುತ್ತದೆ. ಇಲ್ಲಿಗೇ 330 ದಾಟಿತು. ದೋಸೆ, ಚೀಸಿನ ಕಡ್ಡಿ, ಕಾಂಪೌಂಡಿನ ಮೇಲಿಂದ ಬಂದದ್ದು ಇನ್ನೂ ಲೆಕ್ಕಕ್ಕೆ ಸೇರಿಲ್ಲ. ನೀವು ಬಟ್ಟಲಿಗೆ ಅಳೆದು ಹಾಕಿದ ಊಟದಿಂದ ಅವಳು ದಪ್ಪಗಾಗಿಲ್ಲ. ಮನೆಯಲ್ಲಿ ಯಾರೊಬ್ಬರೂ ಹೆಚ್ಚು ಕೊಟ್ಟಿಲ್ಲ ಎಂಬುದೂ ನಿಜ. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ, ಅಷ್ಟೇ.

ಮಾವನವರ ವಿಷಯದಲ್ಲಿ ನನ್ನ ಸಲಹೆ ಇದು. ನಾಯಿ ಎಣಿಸುವುದು ಎಷ್ಟು ಸಲ ಸಿಕ್ಕಿತು ಎಂಬುದನ್ನು, ಎಷ್ಟು ದೊಡ್ಡದು ಸಿಕ್ಕಿತು ಎಂಬುದನ್ನಲ್ಲ. ಒಂದು ಬಿಸ್ಕತ್ತನ್ನು ಎಂಟು ಚೂರು ಮಾಡಿ. ಬೆಳಗಿನ ಚಹಾಕ್ಕೆ ನಾಲ್ಕು ಚೂರು, ಸಂಜೆಗೆ ನಾಲ್ಕು. ಅವಳು ಎಂಟು ಸಲವೂ ಅದೇ ಬಾಲ ಆಡಿಸುತ್ತಾಳೆ, ಎಂಟು ಸಲವೂ ಅವರ ಮುಖ ನೋಡುತ್ತಾಳೆ. 160 ಕ್ಯಾಲೊರಿ ಇದ್ದದ್ದು 20ಕ್ಕೆ ಬಂತು. ಗ್ಲೂಕೋಸ್ ಬಿಸ್ಕತ್ತು ಒಳ್ಳೆಯ ತಿಂಡಿಯೇನಲ್ಲ, ಅದರ ತೂಕದಲ್ಲಿ ಸುಮಾರು ಕಾಲು ಭಾಗ ಸಕ್ಕರೆ. ಆದರೆ ದಿನಕ್ಕೆ ಒಂದೇ ಒಂದು ಬಿಸ್ಕತ್ತಿನಿಂದ ಅವಳಿಗೆ ಕೇಡಾಗುವುದಿಲ್ಲ. ಕೆಲವು ವಾರ ಹೀಗೆ ನಡೆದ ಮೇಲೆ ಆ ಎಂಟು ಚೂರುಗಳಲ್ಲಿ ನಾಲ್ಕರ ಜಾಗಕ್ಕೆ ಕ್ಯಾರೆಟ್ ಬರಲಿ. ಮಾರಿ ಬಿಸ್ಕತ್ತು, ಡೈಜೆಸ್ಟಿವ್ ಬಿಸ್ಕತ್ತು ಎಂದು ಬದಲಿಸುವುದರಿಂದ ಹೆಚ್ಚೇನೂ ಉಳಿಯುವುದಿಲ್ಲ. ಚಾಕೊಲೇಟ್ ಬಿಸ್ಕತ್ತು, ಒಣದ್ರಾಕ್ಷಿ ಹಾಕಿದ ಬಿಸ್ಕತ್ತು ಮಾತ್ರ ಒಂದು ಚೂರೂ ಬೇಡ. ಕಾರಣ ಮುಂದೆ ಹೇಳುತ್ತೇನೆ.

ಹೇಳುವ ಬಗೆಗೆ ಬರೋಣ. ‘ನಿಮ್ಮಿಂದ ಅವಳಿಗೆ ಹೀಗಾಯಿತು’ ಎಂಬ ಮಾತು ಯಾರ ಬಾಯಿಂದಲೂ ಬರಕೂಡದು. ಗೃಹಪ್ರವೇಶದ ದಿನದ ತುಪ್ಪಕ್ಕೂ ಅವರ ಬಿಸ್ಕತ್ತಿಗೂ ಸಂಬಂಧವಿಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮಾವನವರನ್ನೂ ಕರೆದುಕೊಂಡು ಹೋಗಿ. ಮೊದಲೇ ಡಾಕ್ಟರಿಗೆ ಫೋನು ಮಾಡಿ, ತಿಂಡಿಯ ಜವಾಬ್ದಾರಿಯನ್ನು ಅವರಿಗೇ ವಹಿಸಿಕೊಡಿ ಎಂದು ಕೇಳಿಕೊಳ್ಳಿ. ಮನೆಯಲ್ಲಿ ಒಂದು ಸಣ್ಣ ಸ್ಟೀಲ್ ಡಬ್ಬಿಯನ್ನು ಚಾರ್ಲಿಗೆಂದೇ ಇಡಿ. ದಿನವೂ ಬೆಳಗ್ಗೆ ಆ ದಿನದ ತಿಂಡಿಯನ್ನು ಅದಕ್ಕೆ ತುಂಬುವವರು ಮಾವನವರು. ಮಗ, ಮಗಳು, ನಿಮ್ಮ ಯಜಮಾನರು, ನೀವು, ಯಾರು ಏನು ಕೊಡಬೇಕೆಂದರೂ ಆ ಡಬ್ಬಿಯಿಂದಲೇ ಕೊಡಬೇಕು. ಡಬ್ಬಿ ಖಾಲಿಯಾದರೆ ಅಂದಿನ ತಿಂಡಿ ಮುಗಿಯಿತು. ಹೀಗೆ ಮಾಡಿದರೆ ಮಾವನವರು ತಡೆಸಿಕೊಳ್ಳುವವರಾಗಿ ಉಳಿಯುವುದಿಲ್ಲ, ಉಳಿದವರನ್ನು ತಡೆಯುವವರಾಗುತ್ತಾರೆ. ನಾನು ಕಂಡ ಮನೆಗಳಲ್ಲಿ ಹಿರಿಯರಿಗೆ ಒಪ್ಪಿಸಿದ ಡಬ್ಬಿಯಷ್ಟು ಕಟ್ಟುನಿಟ್ಟಾಗಿ ಬೇರೆ ಯಾವುದೂ ನಡೆದಿಲ್ಲ.

ಅವರು ಒಂದು ಮಾತು ಹೇಳಿಯೇ ಹೇಳುತ್ತಾರೆ: ‘ಪಾಪ, ಹಸಿದಿದೆ, ಕಣ್ಣು ನೋಡು.’ ಆ ಮಾತಿನಲ್ಲಿ ಸತ್ಯವಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಪಿಒಎಂಸಿ ಎಂಬ ಜೀನ್‌ನಲ್ಲಿ ಒಂದು ತುಂಡು ಬಿಟ್ಟುಹೋಗಿರುತ್ತದೆ. ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ವ್ಯವಸ್ಥೆಯ ಭಾಗ ಅದು. ಅಂಥ ನಾಯಿಗೆ ಊಟವಾದ ಸ್ವಲ್ಪ ಹೊತ್ತಿಗೇ ಮತ್ತೆ ಹಸಿವು. ಚಾರ್ಲಿಯೂ ಅಂಥವಳಾಗಿದ್ದರೆ ಅವಳದು ನಾಟಕವಲ್ಲ. ಆದರೆ ಆ ಹಸಿವಿಗೆ ಉತ್ತರ ಕೊಡುತ್ತಾ ಹೋದರೆ ಅವಳ ಆಯಸ್ಸು ಕಡಿಮೆಯಾಗುತ್ತದೆ ಎಂಬುದಕ್ಕೂ ಗಟ್ಟಿ ಪುರಾವೆ ಇದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಕೊನೆಯವರೆಗೆ ಗಮನಿಸಿದರು. ಅರ್ಧದಷ್ಟಕ್ಕೆ ತಮ್ಮ ಒಡಹುಟ್ಟುಗಳಿಗಿಂತ ನೂರಕ್ಕೆ 25 ಭಾಗ ಕಡಿಮೆ ಊಟ. 2002ರಲ್ಲಿ ಫಲಿತಾಂಶ ಬಂತು: ಕಡಿಮೆ ತಿಂದವುಗಳ ಮಧ್ಯಾಂಕ ಆಯಸ್ಸು 13 ವರ್ಷ, ಉಳಿದವುಗಳದ್ದು 11.2. ಕೀಲುನೋವೂ ತಡವಾಗಿ ಬಂತು. ನಾಯಿಯ ಬಾಳಿನಲ್ಲಿ ಒಂದು ವರ್ಷ ಒಂಬತ್ತು–ಹತ್ತು ತಿಂಗಳು ಎಂದರೆ ಬಹಳ ದೊಡ್ಡದು. ಮಾವನವರಿಗೆ ಈ ಒಂದು ಸಂಗತಿಯನ್ನು ಓದಿ ಹೇಳಿ, ಸಾಕು.

ಡಬ್ಬಿಗೆ ಏನು ತುಂಬಬೇಕು? ನಿಮ್ಮ ತರಕಾರಿ ಬುಟ್ಟಿಯಿಂದಲೇ ಶುರುಮಾಡಿ. ನೂರು ಗ್ರಾಂ ಕ್ಯಾರೆಟ್ಟಿಗೆ ಸುಮಾರು 40 ಕ್ಯಾಲೊರಿ, ನೂರು ಗ್ರಾಂ ಸೌತೆಕಾಯಿಗೆ 15. ಈ ಎರಡರ ಜೊತೆ ಒಂದು ಸಣ್ಣ ಹಿಡಿ ಮಂಡಕ್ಕಿ ಸೇರಿಸಿದರೂ 80 ದಾಟುವುದಿಲ್ಲ. ಅಷ್ಟನ್ನು ಕಡಲೆಕಾಳಿನಷ್ಟು ಹೆಚ್ಚಿಟ್ಟರೆ ಡಬ್ಬಿ ತುಂಬಿ ತುಳುಕುತ್ತದೆ, ಮನೆಮಂದಿಯೆಲ್ಲ ದಿನವಿಡೀ ಕೊಟ್ಟರೂ ಸಾಕಾಗುತ್ತದೆ. ಮಾವನವರ ಒಂದು ಬಿಸ್ಕತ್ತು ಇರುವ ದಿನಗಳಲ್ಲಿ ಕ್ಯಾರೆಟ್ ಅರ್ಧ ಮಾಡಿ. ಬೇಯಿಸಿದ ಬೀನ್ಸ್, ಸಿಹಿಗುಂಬಳ, ಬೀಜ ತೆಗೆದ ಕಲ್ಲಂಗಡಿ, ಬೀಜ ಮತ್ತು ನಡುವಿನ ಭಾಗ ತೆಗೆದ ಸೇಬು, ಪರಂಗಿ ಹಣ್ಣಿನ ತಿರುಳು, ಇವೆಲ್ಲ ಆಗುತ್ತವೆ. ಬಾಳೆಹಣ್ಣಿನಲ್ಲಿ ಸಿಹಿ ಹೆಚ್ಚು, ಎರಡು ಬಿಲ್ಲೆಗೆ ನಿಲ್ಲಿಸಿ.

ಮಂಡಕ್ಕಿಯ ಬಗ್ಗೆ ದಾವಣಗೆರೆಯವರಿಗೆ ನಾನು ಹೇಳಬೇಕಾದ್ದೇನಿದೆ! ಒಗ್ಗರಣೆ, ಈರುಳ್ಳಿ, ಮೆಣಸಿನಕಾಯಿ ಯಾವುದೂ ತಾಗದ ಬರೀ ಮಂಡಕ್ಕಿ ಇಂಥ ನಾಯಿಗೆ ಬಹಳ ಒಳ್ಳೆಯದು. ಒಂದೊಂದು ಕಾಳಿಗೂ ಕ್ಯಾಲೊರಿ ಇಲ್ಲವೆನ್ನುವಷ್ಟು ಕಡಿಮೆ. ಭಟ್ಟಿಯಲ್ಲಿ ಉಪ್ಪು ಹಾಕಿ ಹುರಿದದ್ದಾದರೆ ನಾಲಗೆಗೆ ತಾಗುತ್ತದೆ, ಅದು ಬೇಡ. ಒಂದು ಹಿಡಿ ಮಂಡಕ್ಕಿಯನ್ನು ಹಳೆಯ ಜಮಖಾನೆಯ ಮಡಿಕೆಗಳಲ್ಲಿ ಚೆಲ್ಲಿ ಹುಡುಕಲು ಬಿಡಿ. ಮೂಗಿನಿಂದ ಹುಡುಕಿ ಹುಡುಕಿ ತಿನ್ನುವುದೇ ಲ್ಯಾಬ್ರಡಾರಿಗೆ ಆಟ. ಎರಡು ನಿಮಿಷದಲ್ಲಿ ನುಂಗಿಬಿಡುವ ತಿಂಡಿ ಕೊಡದ ಸಮಾಧಾನವನ್ನು ಹದಿನೈದು ನಿಮಿಷದ ಈ ಹುಡುಕಾಟ ಕೊಡುತ್ತದೆ. ಇದನ್ನು ಮಗನಿಗೆ ಒಪ್ಪಿಸಿ.

ಮನೆಯಲ್ಲೇ ಮಾಡಬೇಕೆಂದರೆ ರಾಗಿ ಇದೆ. ನೂರು ಗ್ರಾಂ ರಾಗಿ ಹಿಟ್ಟಿಗೆ ಅಷ್ಟೇ ತೂಕದ, ಬೇಯಿಸಿ ನೀರು ಬಸಿದು ಹಿಸುಕಿದ ಸಿಹಿಗುಂಬಳ ಹಾಕಿ ನಾದಿ. ಉಪ್ಪು, ಬೆಲ್ಲ, ಸೋಡಾ, ಎಣ್ಣೆ ಯಾವುದೂ ಬೇಡ. ಹಿಟ್ಟು ಕೈಗೆ ಅಂಟಿದರೆ ಇನ್ನೊಂದು ಚಮಚ ರಾಗಿ ಉದುರಿಸಿ. ದಪ್ಪ ಚಪಾತಿಯಂತೆ ಲಟ್ಟಿಸಿ, ಶಂಕರಪೋಳಿಗೆ ಕೊಯ್ಯುವ ಹಾಗೆ ಉದ್ದಕ್ಕೂ ಓರೆಯಾಗಿಯೂ ಗೆರೆ ಎಳೆದು ಎಪ್ಪತ್ತು ಚೂರು ಮಾಡಿ. ದಪ್ಪ ತಳದ ತವೆಯ ಮೇಲೆ ಸಣ್ಣ ಉರಿಯಲ್ಲಿ ಮಗುಚುತ್ತಾ, ಒಳಗಿನ ಹಸಿ ಹೋಗಿ ಅಂಚು ಗರಿಯಾಗುವವರೆಗೆ ಬಿಸಿ ಮಾಡಿ. ಒಂದು ಚೂರಿಗೆ 5 ಕ್ಯಾಲೊರಿ. ಇದರಲ್ಲಿ ಕೆಡದಂತೆ ಕಾಯುವ ವಸ್ತು ಏನೂ ಇಲ್ಲ, ಆದ್ದರಿಂದ ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಿ.

‘ಮಾಂಸ ಇಲ್ಲದ ತಿಂಡಿ ನಾಯಿಗೆ ಸಾಲುತ್ತದೆಯೇ’ ಎಂಬ ಅಳುಕು ನಿಮ್ಮ ಕಾಗದದ ಸಾಲುಗಳ ನಡುವೆ ಕಂಡಿತು. ಅಳುಕಬೇಡಿ. ಅವಳಿಗೆ ಬೇಕಾದ ಪ್ರೋಟೀನು, ಖನಿಜ, ಜೀವಸತ್ವಗಳೆಲ್ಲ ಬಟ್ಟಲಿನ ಊಟದಿಂದ ಬರುತ್ತಿವೆ. ಪ್ಯಾಕೆಟ್ಟಿನ ಮೇಲೆ ಅದು ಸಂಪೂರ್ಣ ಆಹಾರವೆಂದು ಬರೆದಿದೆಯೇ ನೋಡಿಕೊಳ್ಳಿ, ಅಷ್ಟೇ. ತಿಂಡಿಯಿಂದ ಪೋಷಣೆ ಸಿಗಬೇಕಾಗಿಲ್ಲ. ಪಿಷ್ಟ ಜೀರ್ಣಿಸಿಕೊಳ್ಳುವ ಶಕ್ತಿ ನಾಯಿಗೆ ತೋಳಕ್ಕಿಂತ ಬಹಳ ಹೆಚ್ಚು ಎಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ಜೀನ್‌ಗಳ ಮೂಲಕವೇ ತೋರಿಸಿದ್ದಾರೆ. ಮನುಷ್ಯನ ಒಲೆಯ ಬಳಿ ಬದುಕಿದ ಪ್ರಾಣಿ ಅದು, ನಮ್ಮ ಹಳ್ಳಿಗಳ ನಾಯಿಗಳು ಮುದ್ದೆ, ರೊಟ್ಟಿ ತಿಂದೇ ತಲೆಮಾರು ಕಳೆದಿವೆ. ಚಾರ್ಲಿಯ ವಿಷಯದಲ್ಲಿ ದೂರವಿಡಬೇಕಾದ್ದು ಜಿಡ್ಡು. ಒಮ್ಮೆ ಊದಿದ ಮೇದೋಜೀರಕ ಗ್ರಂಥಿ ಮತ್ತೆ ಊದುವ ಸಾಧ್ಯತೆ ಇದ್ದೇ ಇರುತ್ತದೆ, ಜಿಡ್ಡಿನ ಊಟ ಅದಕ್ಕೆ ದಾರಿ ಮಾಡಿಕೊಡುತ್ತದೆ. ಕೊಬ್ಬರಿ, ತುಪ್ಪ, ಬೆಣ್ಣೆ, ಪನ್ನೀರು, ಶೇಂಗಾ, ಕರಿದದ್ದು ಯಾವುದೂ ಬೇಡ. ಬೆಣ್ಣೆ ದೋಸೆಯ ಪಾಲು ಇಲ್ಲಿಗೆ ನಿಲ್ಲಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಬಾಗಿಲಲ್ಲಿ ನೆಂಟರು ಬಂದಾಗಲೇ ‘ಚಾರ್ಲಿಗೆ ಔಷಧಿ ನಡೀತಿದೆ, ಏನೂ ಹಾಕಬೇಡಿ’ ಎಂದು ಹೇಳಿಬಿಡಿ. ನಮ್ಮ ಜನ ಔಷಧಿ ಎಂದರೆ ಗೌರವಿಸುತ್ತಾರೆ.

ಇನ್ನು ಆ ಬಿಳಿ ಗಂಟುಮೂಳೆ. ಹೌದು, ಅದು ಚರ್ಮವೇ. ದನ, ಎಮ್ಮೆಯಂಥ ಪ್ರಾಣಿಗಳ ತೊಗಲಿನ ಒಳಪದರವನ್ನು ಸುಣ್ಣದಂಥ ರಾಸಾಯನಿಕಗಳಿಂದ ತೊಳೆದು, ಬಿಳುಪು ಮಾಡಿ, ಸುತ್ತಿ ಗಂಟು ಹಾಕಿ ಒಣಗಿಸಿ ಮಾರುತ್ತಾರೆ. ನಿಮ್ಮ ಮನೆಯ ನೇಮಕ್ಕೆ ಅದು ಹೊಂದುವುದಿಲ್ಲ. ಅದನ್ನು ಬದಿಗಿಟ್ಟರೂ ಲ್ಯಾಬ್ರಡಾರಿಗೆ ನಾನು ಅದನ್ನು ಹೇಳುವುದಿಲ್ಲ. ನಿಧಾನವಾಗಿ ಕಡಿಯುವ ನಾಯಿಗಳಿವೆ, ಲ್ಯಾಬ್ರಡಾರ್ ಆ ಪೈಕಿಯಲ್ಲ. ತುದಿ ಮೆತ್ತಗಾಗುತ್ತಲೇ ಗಂಟನ್ನೇ ನುಂಗುತ್ತದೆ. ಅದು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಇಲ್ಲವೇ ಹೊಟ್ಟೆಯ ನೀರಿನಲ್ಲಿ ಉಬ್ಬಿ ಕರುಳಿಗೆ ಅಡ್ಡ ನಿಲ್ಲಬಹುದು. ಆಗ ಹೊಟ್ಟೆ ಕೊಯ್ದೇ ತೆಗೆಯಬೇಕಾಗುತ್ತದೆ.

ಗಟ್ಟಿ ಚೀಸಿನ ಕಡ್ಡಿ ಹಿಮಾಲಯದ ಕಡೆಯ ಛುರ್ಪಿ. ಹಾಲಿನಿಂದ ಮಾಡಿದ್ದು, ಸಸ್ಯಾಹಾರಿಗಳಿಗೆ ಒಪ್ಪುವಂಥದ್ದು, ಆದರೆ ಕಲ್ಲಿನಷ್ಟು ಗಟ್ಟಿ. ಮಗಳಿಗೆ ಒಂದು ಪರೀಕ್ಷೆ ಕಲಿಸಿ. ನಾಯಿಗೆ ಕಡಿಯಲು ಕೊಡುವ ಯಾವುದೇ ವಸ್ತುವಿನ ಮೇಲೆ ಹೆಬ್ಬೆರಳ ಉಗುರನ್ನು ಒತ್ತಬೇಕು. ಗುರುತು ಬಿದ್ದರೆ ಕೊಡಬಹುದು, ಬೀಳದಿದ್ದರೆ ಅದು ಹಲ್ಲು ಮುರಿಯುವಷ್ಟು ಗಟ್ಟಿ ಎಂದು ತಿಳಿಯಬೇಕು. ಗೊರಸು, ಕೊಂಬು, ಬಲಿತ ಎಲುಬು, ಒಣಗಿದ ಛುರ್ಪಿ ಎಲ್ಲವೂ ಈ ಪರೀಕ್ಷೆಯಲ್ಲಿ ಸೋಲುತ್ತವೆ. ಮುರಿಯುವುದು ಸಾಮಾನ್ಯವಾಗಿ ಮೇಲ್ದವಡೆಯ ಅತಿ ದೊಡ್ಡ ಅಗಿಯುವ ಹಲ್ಲು. ಅದರ ಹೊರಮೈ ಹೋಳಾಗಿ ಎದ್ದು ಬಂದು ನರ ತೆರೆದುಕೊಳ್ಳುತ್ತದೆ. ನಾಯಿ ಊಟ ಬಿಡುವುದಿಲ್ಲ, ಕೂಗುವುದೂ ಇಲ್ಲ, ಒಂದೇ ಪಕ್ಕದಲ್ಲಿ ಅಗಿಯಲು ಶುರುಮಾಡುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಯಾರಿಗೂ ತಿಳಿಯದೆ ಅದು ನೋವು ನುಂಗುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಬಹಳ ಸಂಕಟವಾಗುತ್ತದೆ. ಒಂದು ಸಂಜೆ ಅವಳ ತುಟಿ ಎತ್ತಿ ಎರಡೂ ಬದಿಯ ಆ ಹಲ್ಲುಗಳನ್ನು ಟಾರ್ಚಿನಲ್ಲಿ ನೋಡಿ.

ಪಕ್ಕದ ಮನೆಯ ಕೋಳಿ ಮೂಳೆ ಬೆಂದದ್ದು. ಬೆಂದ ಮೂಳೆ ಸೂಜಿಯಂತೆ ಸೀಳುತ್ತದೆ. ‘ನಾಯಿ ಯಾವ ಕಾಲದಿಂದಲೂ ಮೂಳೆ ತಿಂದೇ ಬದುಕಿಲ್ಲವೇ’ ಎಂದು ಅವರು ಕೇಳಬಹುದು. ಬದುಕಿದವು ನಮ್ಮ ಕಣ್ಣ ಮುಂದೆ ಓಡಾಡಿದವು, ಕರುಳು ತೂತಾಗಿ ಹಿತ್ತಲಲ್ಲಿ ಸತ್ತವುಗಳ ಕಾರಣ ಯಾರೂ ಕೇಳಲಿಲ್ಲ. ಅವರ ಮನಸ್ಸಿನಲ್ಲಿರುವುದು ಪ್ರೀತಿಯೇ, ಹಾಗಾಗಿ ಜಗಳ ಬೇಡ. ಆಸ್ಪತ್ರೆಯ ಚೀಟಿ ತೋರಿಸಿ, ಒಂದು ಪೊಟ್ಟಣ ರಾಗಿ ಚೂರು ಕೊಟ್ಟು, ‘ಕೊಡಬೇಕೆನಿಸಿದಾಗ ಇದನ್ನು ಕೊಡಿ’ ಎಂದು ಕೇಳಿಕೊಳ್ಳಿ. ಅದೂ ಡಬ್ಬಿಯ ಲೆಕ್ಕಕ್ಕೆ ಸೇರಲಿ.

ಕಡಿಯುವ ಆಸೆ ಮಾತ್ರ ನಿಜವಾದ ಅಗತ್ಯ, ಅದನ್ನು ಹತ್ತಿಕ್ಕಬಾರದು. ಒಳಗೆ ಟೊಳ್ಳಿರುವ ಗಟ್ಟಿ ರಬ್ಬರಿನ ಆಟಿಕೆ ಸಿಗುತ್ತದೆ, ಅವಳ ಬಾಯಿಗಿಂತ ದೊಡ್ಡದನ್ನು ತನ್ನಿ. ಒಳಗೆ ಹಿಸುಕಿದ ಕುಂಬಳ, ಕೆನೆ ತೆಗೆದ ಹಾಲಿನ ಎರಡು ಚಮಚ ಮೊಸರು ತುಂಬಿ ಫ್ರೀಜರಿನಲ್ಲಿಡಿ. ಬೇಸಿಗೆಯ ಮಧ್ಯಾಹ್ನ ಅದನ್ನು ನೆಕ್ಕಿ ಮುಗಿಸಲು ಅರ್ಧ ಗಂಟೆ ಬೇಕು.

ಈಗ ಅಡುಗೆಮನೆಯ ವಿಷಯ. ಕಾಗದದಲ್ಲಿ ನೀವು ಕೇಳಿಲ್ಲ, ಆದರೂ ನನಗೆ ಹೆಚ್ಚು ಭಯ ಇರುವುದು ಇಲ್ಲೇ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತವೆ. ಹತ್ತು ತಿಂದ ನಾಯಿಗೆ ಏನೂ ಆಗದೆ ಹೋಗಬಹುದು, ನಾಲ್ಕು ತಿಂದ ನಾಯಿಗೆ ಮೂತ್ರವೇ ನಿಂತುಹೋಗಬಹುದು. ಏಕೆ ಹೀಗೆ ಎಂಬುದು ಬಹಳ ಕಾಲ ಒಗಟಾಗಿತ್ತು. ಅಮೆರಿಕದ ವಿಷವಿಜ್ಞಾನದ ಪಶುವೈದ್ಯರು 2021–22ರಲ್ಲಿ ಟಾರ್ಟಾರಿಕ್ ಆಮ್ಲದ ಕಡೆ ಬೊಟ್ಟು ಮಾಡಿದರು. ಹಣ್ಣಿನ ತಳಿ, ಬಲಿತ ಹಂತಕ್ಕೆ ತಕ್ಕಂತೆ ಅದರ ಪ್ರಮಾಣ ಬದಲಾಗುತ್ತದೆ. ಅದೇ ಆಮ್ಲ ತುಂಬಿರುವ ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಅಂಥದೇ ಮೂತ್ರಪಿಂಡದ ಹಾನಿ ಅವರಿಗೆ ಕಂಡಿತು. ಹುಣಸೆ ಇಲ್ಲದ ಅಡುಗೆಮನೆ ನಮ್ಮಲ್ಲಿ ಎಲ್ಲಿದೆ? ಪುಳಿಯೋಗರೆ, ಗೊಜ್ಜು, ಉಳಿದ ಹುಳಿಯನ್ನ ಇವು ತಟ್ಟೆಯಿಂದ ನಾಯಿಯ ಬಟ್ಟಲಿಗೆ ಹೋಗುವ ರೂಢಿ ನಿಲ್ಲಬೇಕು. ಸಾರು, ಹುಳಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುತ್ತವೆ. ಹಸಿ ಇರಲಿ ಬೆಂದದ್ದಿರಲಿ, ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಪರಿಣಾಮ ಕಾಣಿಸುವುದು ಮೂರ್ನಾಲ್ಕು ದಿನ ಬಿಟ್ಟು, ಹಾಗಾಗಿ ಈರುಳ್ಳಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಮಾವನವರ ವಯಸ್ಸಿನವರಿರುವ ಮನೆಗಳಲ್ಲಿ ‘ಶುಗರ್ ಫ್ರೀ’ ಪದಾರ್ಥಗಳು ಸಾಮಾನ್ಯ. ಅವುಗಳಲ್ಲಿ ಕೆಲವಕ್ಕೆ, ಮುಖ್ಯವಾಗಿ ಚ್ಯೂಯಿಂಗ್ ಗಮ್, ಪೆಪ್ಪರ್‌ಮಿಂಟು, ಕೆಲವು ಪೀನಟ್ ಬಟರ್‌ಗಳಿಗೆ ಕ್ಸೈಲಿಟಾಲ್ ಎಂಬ ಸಿಹಿ ಹಾಕುತ್ತಾರೆ. ಮನುಷ್ಯರಿಗೆ ತೊಂದರೆಯಿಲ್ಲ. ನಾಯಿಯ ದೇಹ ಅದನ್ನು ಕಂಡೊಡನೆ ಇನ್ಸುಲಿನ್ ಸುರಿಸುತ್ತದೆ, ಅರ್ಧ–ಒಂದು ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿದು ತೂರಾಡಿ ಬೀಳಬಹುದು. ಒಂದು ಕೆ.ಜಿ. ತೂಕಕ್ಕೆ 0.1 ಗ್ರಾಂ ಸಾಕು, ಹೆಚ್ಚಾದರೆ ಯಕೃತ್ತೂ ಹೋಗುತ್ತದೆ. ನಮ್ಮ ಪ್ಯಾಕೆಟ್ಟುಗಳಲ್ಲಿ ಹೆಸರಿನ ಬದಲು ‘ಐಎನ್‌ಎಸ್ 967’ ಎಂದಷ್ಟೇ ಇರಬಹುದು. ಆ ಸಂಖ್ಯೆಯನ್ನು ಫ್ರಿಜ್ಜಿನ ಬಾಗಿಲಿಗೆ ಬರೆದು ಅಂಟಿಸಿ. ಚಾಕೊಲೇಟಿನ ಥಿಯೊಬ್ರೋಮಿನ್ ಹೃದಯ ಬಡಿತವನ್ನು ಕೆಡಿಸುತ್ತದೆ, ಕಪ್ಪಾದಷ್ಟೂ ಹೆಚ್ಚು ಕೇಡು.

ಶೇಂಗಾ ಆರಿಸುವಾಗ ಮೊರದ ಅಂಚಿಗೆ ತಳ್ಳಿದ ಮುರುಟು ಕಾಳು, ಬೂಸಲು ಹಿಡಿದ ರೊಟ್ಟಿ ‘ನಾಯಿಗಾಗುತ್ತೆ’ ಎಂದು ಹೋಗುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಆ ಬೂಸಲಿನಲ್ಲಿರಬಹುದಾದ ಅಫ್ಲಾಟಾಕ್ಸಿನ್ ನಾಯಿಯ ಯಕೃತ್ತಿಗೆ ನೇರ ವಿಷ. ನಾವು ತಿನ್ನಲಾಗದ್ದು ಅವಳಿಗೂ ಬೇಡ. ನಿಮ್ಮ ಜಿಲ್ಲೆ ಮೆಕ್ಕೆಜೋಳದ ಸೀಮೆ, ಮಕ್ಕಳು ಸುಟ್ಟ ತೆನೆ ತಿಂದು ದಿಂಡು ಎಸೆಯುತ್ತಾರೆ. ಆ ದಿಂಡು, ಬೇಸಿಗೆಯಲ್ಲಿ ಮಾವಿನ ಓಟೆ, ಇವೆರಡೂ ಲ್ಯಾಬ್ರಡಾರಿನ ಕರುಳಿಗೆ ಬಿರಡೆ ಹಾಕಿದ ಹಾಗೆ ಕೂರುತ್ತವೆ, ಕರಗುವುದೇ ಇಲ್ಲ.

ತಪ್ಪಿ ತಿಂದಳೆಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಸಾಹಸ ಬೇಡ, ಆ ಉಪ್ಪೇ ಪ್ರಾಣಕ್ಕೆ ಬರಬಹುದು. ಏನು ತಿಂದಳು, ಎಷ್ಟು, ಎಷ್ಟು ಹೊತ್ತಿಗೆ ಎಂದು ಬರೆದುಕೊಂಡು, ಪ್ಯಾಕೆಟ್ಟಿನ ಕಾಗದವನ್ನೂ ಹಿಡಿದು ಕೂಡಲೇ ಡಾಕ್ಟರ ಬಳಿ ಹೊರಡಿ. ‘ಈಗ ಚೆನ್ನಾಗಿದ್ದಾಳೆ, ನಾಳೆ ನೋಡೋಣ’ ಎಂದು ಕಾಯಬೇಡಿ. ದ್ರಾಕ್ಷಿಯ ಹಾನಿ ಹೊರಗೆ ಕಾಣುವಾಗ ಒಂದೆರಡು ದಿನ ಕಳೆದಿರುತ್ತದೆ.

ಅಂಗಡಿಯ ಪ್ಯಾಕೆಟ್ಟೇ ಬೇಕೆಂದಾದರೆ ಒಂದು ವಿಷಯ ತಿಳಿದಿರಲಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಮನುಷ್ಯರು ತಿನ್ನುವುದನ್ನು ಮಾತ್ರ ಆಹಾರವೆಂದು ಕರೆದು ಪಶು ಆಹಾರವನ್ನು ಹೊರಗಿಟ್ಟಿದೆ. ಹಾಗಾಗಿ ನಾವು ತಿನ್ನುವ ಬಿಸ್ಕತ್ತಿಗಿರುವ ಕಟ್ಟುನಿಟ್ಟು ನಾಯಿಯ ಬಿಸ್ಕತ್ತಿಗೆ ಇದೆ ಎಂದು ನಂಬಿಕೊಂಡು ಕೂರಬೇಡಿ. ಒಳಗೇನಿದೆ ಎಂಬ ಪಟ್ಟಿ, ತಯಾರಾದ ಊರು, ದಿನಾಂಕ, ಒಂದು ಬಿಸ್ಕತ್ತಿಗೆ ಎಷ್ಟು ಕ್ಯಾಲೊರಿ ಎಂಬುದು, ಇವು ನಾಲ್ಕೂ ಇಲ್ಲದ ಪ್ಯಾಕೆಟ್ಟನ್ನು ಅಲ್ಲೇ ಬಿಟ್ಟು ಬನ್ನಿ. ಕೆಂಪು–ಹಸಿರು ಬಣ್ಣದ ಬಿಸ್ಕತ್ತುಗಳು ಕೊಳ್ಳುವವರ ಕಣ್ಣಿಗಾಗಿ. ನಾಯಿಗೆ ಆ ಎರಡು ಬಣ್ಣಗಳ ಭೇದವೇ ಕಾಣುವುದಿಲ್ಲ. ಹಲ್ಲು ಶುಚಿಯಾಗುತ್ತದೆ ಎಂದು ಮಾರುವ ಕಡ್ಡಿಗಳಲ್ಲಿ ಪಶುವೈದ್ಯರ ದಂತಾರೋಗ್ಯ ಮಂಡಳಿಯ (ವಿಒಎಚ್‌ಸಿ) ಮುದ್ರೆ ಇದ್ದರೆ ಆ ಮಾತಿಗೆ ಪರೀಕ್ಷೆಯ ಆಧಾರವಿದೆ ಎಂದರ್ಥ. ಕೆ.ಜಿ. ಲೆಕ್ಕದಲ್ಲಿ ತೂಗಿ ಕೊಡುವ ಬಿಡಿ ಬಿಸ್ಕತ್ತನ್ನು ಮಳೆಗಾಲದಲ್ಲಂತೂ ಮುಟ್ಟಬೇಡಿ. ಒಣ ಕೋಳಿಮಾಂಸದ ಪಟ್ಟಿಗಳು ನಿಮ್ಮ ಮನೆಗೆ ಬರುವುದಿಲ್ಲ, ಇದನ್ನು ಓದುವ ಉಳಿದವರಿಗಾಗಿ ಒಂದು ಮಾತು: ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ 2007ರಿಂದ ಇಂಥ ಪಟ್ಟಿಗಳ ಮೇಲೆ ದೂರು ಬರತೊಡಗಿ, 2014ರ ಹೊತ್ತಿಗೆ ಸಾವಿರಕ್ಕೂ ಹೆಚ್ಚು ನಾಯಿಗಳ ಸಾವು ವರದಿಯಾಗಿತ್ತು. ವರ್ಷಗಟ್ಟಲೆ ಹುಡುಕಿದರೂ ಖಚಿತ ಕಾರಣ ಕೈಗೆ ಸಿಗಲಿಲ್ಲ. ಎಲ್ಲಿ, ಹೇಗೆ ಮಾಡಿದ್ದೆಂದು ತಿಳಿಯದ ಮಾಂಸದ ತಿಂಡಿಗಿಂತ ಉಪ್ಪಿಲ್ಲದೆ ಮನೆಯಲ್ಲೇ ಬೇಯಿಸಿದ ನಾಲ್ಕು ಎಳೆ ಚಿಕನ್ ಮೇಲು.

ತೂಕ ಇಳಿಯುತ್ತಿದೆಯೇ ಎಂದು ತಿಳಿಯಲು ತಕ್ಕಡಿಗಿಂತ ಮೊದಲು ಕೈ ಸಾಕು. ಬೆರಳುಗಳನ್ನು ಅವಳ ಪಕ್ಕೆಯ ಮೇಲೆ ಒತ್ತದೆ ಆಡಿಸಿ, ಆಮೇಲೆ ನಿಮ್ಮ ಅಂಗೈ ಚಾಚಿ ಬೆರಳ ಹಿಂಬದಿಯನ್ನು ಸವರಿಕೊಳ್ಳಿ. ಪಕ್ಕೆಲುಬು ಆ ಹಿಂಬದಿಯಂತೆ ಕೈಗೆ ಸಿಕ್ಕರೆ ತೂಕ ಸರಿಯಾಗಿದೆ. ಹೆಬ್ಬೆರಳ ಬುಡದ ಮಾಂಸಲ ಭಾಗದಂತೆ ಮೆತ್ತಗಿದ್ದು ಎಲುಬು ಸಿಗದಿದ್ದರೆ ಇನ್ನೂ ಇಳಿಯಬೇಕು. ಹದಿನೈದು ದಿನಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿಸಿ, ಅಂಕಿಯನ್ನು ಮಾವನವರೇ ಕ್ಯಾಲೆಂಡರಿನಲ್ಲಿ ಬರೆಯಲಿ. ವಾರಕ್ಕೆ ಮುನ್ನೂರೈವತ್ತು ಗ್ರಾಂ ಇಳಿದರೆ ಹಿತ, ಏಳುನೂರಕ್ಕಿಂತ ವೇಗ ಬೇಡ. ಆ ಹಿತವಾದ ವೇಗದಲ್ಲಿ 36ರಿಂದ 28ಕ್ಕೆ ಬರಲು ಐದಾರು ತಿಂಗಳು ಹಿಡಿಯುತ್ತದೆ. ಊಟವನ್ನು ನೀವಾಗಿಯೇ ಅರ್ಧ ಮಾಡಬೇಡಿ, ಎಷ್ಟು ಗ್ರಾಂ ಎಂಬುದನ್ನು ಡಾಕ್ಟರೇ ಹೇಳಲಿ. ಡಬ್ಬಿಯ ಲೆಕ್ಕ ಸರಿಯಾಗಿ ನಡೆದು, ಊಟವೂ ಹೇಳಿದ ಅಳತೆಯಲ್ಲೇ ಇದ್ದು, ಎರಡು ತಿಂಗಳಾದರೂ ತೂಕ ಕದಲದಿದ್ದರೆ ಥೈರಾಯ್ಡ್‌ನ ರಕ್ತಪರೀಕ್ಷೆ ಮಾಡಿಸಬೇಕೇ ಎಂದು ಅವರನ್ನು ಕೇಳಿ.